ಸತತ ಅಂದ್ರೆ ಎಷ್ಟು ಹೊತ್ತು ಸ್ವಾಮಿ?

ಇಂಗ್ಲಿಷಿನ ‘ಕನ್ಸಿಕ್ಯುಟಿವ್ಲಿ’ಗೆ ಕನ್ನಡದಲ್ಲಿ ಏನಂತೀರಿ? ‘ಸತತವಾಗಿ’. ಸರಿ, ‘ಕಂಟಿನ್ಯುಯಸ್ಲಿ’ಗೆ? ಅದಕ್ಕೂ ‘ಸತತವಾಗಿ’! ಸುದ್ದಿ ಬರೆಯುವವರ ಈ ಸೋಮಾರಿತನದ ಬಗ್ಗೆ ನನ್ನದೊಂದು ತಕರಾರಿದೆ.

ಮೊದಲನೆಯದು ಸರದಿಯ ಮಾತು. ಒಂದಾದ ಮೇಲೊಂದು ಬರಬೇಕು, ನಡುವೆ ಒಂದೂ ತಪ್ಪಬಾರದು, ಅಷ್ಟೇ. 2002ರಲ್ಲಿ ನಮ್ಮ ದ್ರಾವಿಡ್ ಸತತ 4 ಟೆಸ್ಟ್ ಇನಿಂಗ್ಸಿನಲ್ಲಿ ಶತಕ ಹೊಡೆದರು. ಮೂರು ಇಂಗ್ಲೆಂಡಿನಲ್ಲಿ, ನಾಲ್ಕನೆಯದು ಮುಂಬಯಿಯಲ್ಲಿ. ನಡುವೆ ವಾರಗಟ್ಟಲೆ ಬಿಡುವಿತ್ತು, ಆದರೂ ಸರದಿ ತಪ್ಪಲಿಲ್ಲ. ಎರಡನೆಯದು ಗಡಿಯಾರದ ಮಾತು. ಒಂದು ಗಳಿಗೆಯೂ ನಿಲ್ಲಬಾರದು. ‘ಸತತ ಮೂರು ದಿನ ಮಳೆ’ ಅಂತ ಬರೆದರೆ, ದಿನಾ ಸಂಜೆ ಅರ್ಧ ತಾಸು ಬಂತೋ, 72 ತಾಸೂ ಸುರಿಯಿತೋ, ಹೇಳಿ ನೋಡೋಣ!

ಇದೇನು ಪಂಡಿತರ ತಲೆಹರಟೆ ಅನ್ನಬೇಡಿ. ಜಮಖಂಡಿ ಕಡೆ, ನಮ್ಮ ಹುನ್ನೂರಿನ ಕಬ್ಬಿನ ಹೊಲಕ್ಕೆ ಬನ್ನಿ. 2023ರ ಬರಗಾಲದಲ್ಲಿ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು 5 ತಾಸಿಗೆ ಇಳಿದಿತ್ತು. ಆಮೇಲೆ ಸರ್ಕಾರ 7 ತಾಸು ಕೊಡ್ತೀವಿ ಅಂತು. ಸಂತೋಷ. ಆದರೆ ರೈತ ಕೇಳುವುದು ಬೇರೆ: ಒಂದೇ ಸವನೆ ಏಳೋ, ಕೂಡಿಸಿದ ಏಳೋ? ಮೋಟಾರಿನ ನೀರು ಸಾಲು ಹಿಡಿದು ಹೊಲದ ತುದಿ ಮುಟ್ಟಬೇಕು. ನಡುವೆ ಕರೆಂಟು ಹೋದರೆ ಹರಿದ ನೀರು ಅಲ್ಲೇ ಇಂಗುತ್ತದೆ, ತುದಿಯ ಕಬ್ಬು ಒಣಗಿಯೇ ಇರುತ್ತದೆ. ಕರೆಂಟು ಬಂದ ಮೇಲೆ ಮತ್ತೆ ಮೊದಲಿಂದ. 3+4=7 ಅನ್ನೋದು ಗಣಿತಕ್ಕೆ ಸರಿ, ಕಬ್ಬಿಗಲ್ಲ. ಸಾಫ್ಟ್‌ವೇರ್ ಮಂದಿಗೆ ಇದನ್ನು ಬಿಡಿಸಿ ಹೇಳಬೇಕೆ? ಮುಕ್ಕಾಲು ಭಾಗಕ್ಕೆ ಕಡಿದುಹೋದ ಡೌನ್‌ಲೋಡ್ ಮತ್ತೆ ಸೊನ್ನೆಯಿಂದ ಶುರುವಾದರೆ ಎಷ್ಟು ಉರಿಯುತ್ತದೆ ಅಂತ ನಮಗೆ ಗೊತ್ತಲ್ಲ!

ಹಳ್ಳಿ ಮನೆಗಳ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರೆ ಮಾಡಿದ ಯೋಜನೆಗೆ ಸರ್ಕಾರ ಇಟ್ಟ ಹೆಸರು ‘ನಿರಂತರ ಜ್ಯೋತಿ’. ಮನೆಗೆ ನಿರಂತರ, ಮೋಟಾರಿಗೆ ತಾಸಿನ ಲೆಕ್ಕ. ಹೆಸರಿಡುವಾಗ ಇಷ್ಟು ಚೆನ್ನಾಗಿ ನೆನಪಾಗುವ ಶಬ್ದ ಹೊಲದ ವೇಳಾಪಟ್ಟಿ ಬರೆಯುವಾಗ ಮರೆತುಹೋಗುವುದೇಕೋ...

ನಮ್ಮಲ್ಲಿ ಶಬ್ದಕ್ಕೇನು ಬರವಿಲ್ಲ. ಸರದಿಗೆ ‘ಒಂದರ ಹಿಂದೊಂದು’. ನಿಲ್ಲದ್ದಕ್ಕೆ ‘ಎಡೆಬಿಡದೆ’, ‘ಒಂದೇ ಸವನೆ’. ನಿಂತು ನಿಂತು ಬರುವುದಕ್ಕೆ ‘ಮೇಲಿಂದ ಮೇಲೆ’. ನಮ್ಮೂರ ಅಜ್ಜಿಯರು ಇವನ್ನು ಕಲಸುಮೇಲೋಗರ ಮಾಡುವುದಿಲ್ಲ, ಓದಿದವರು ಮಾಡುತ್ತೇವೆ.

ಬ್ಲಾಗಿಗ ಮಿತ್ರರೇ, ಇನ್ನು ಮುಂದೆ ‘ಸತತ’ ಎಂದು ಟೈಪಿಸುವ ಮೊದಲು ಒಮ್ಮೆ ಕೇಳಿಕೊಳ್ಳಿ: ತಪ್ಪದೆ ನಡೆದದ್ದು ಸರದಿಯೋ, ಗಡಿಯಾರವೋ? ಕರೆಂಟಿನ ಸುದ್ದಿಯಾದರೆ ಎರಡು ಸಲ ಕೇಳಿಕೊಳ್ಳಿ.

ನೀವೇನಂತೀರಿ?