ಬುದ್ಧನ ಭಾರ, ತೆಪ್ಪದ ಓಲಾಟ

ಹೈದರಾಬಾದಿನ ಲುಂಬಿನಿ ಪಾರ್ಕಿನಿಂದ ಕೆರೆಯ ನಡುವಿನ ಬುದ್ಧನ ಮೂರ್ತಿಯ ಕಡೆಗೆ ಹೊರಟ ದೋಣಿಯಲ್ಲಿ ಕಲಬುರಗಿ ಕಡೆಯ ಒಂದು ಕುಟುಂಬ. "ಮೂರ್ತಿ ಭಾಳ ವಜ್ಜ ಇತ್ತು, ಅದಕ್ಕ ಮುಳುಗ್ತು ನೋಡು" ಎಂದ ಅಪ್ಪ. "ಮತ್ತ ಹಡಗು ಹ್ಯಾಂಗ ತೇಲ್ತಾವಪ್ಪಾ?" ಎಂದ ಮಗ. ಅಪ್ಪ ಮೊಬೈಲ್ ತೆಗೆದ. ಅದೇ ದೋಣಿಯಲ್ಲಿದ್ದ ಈ ಅಂಕಣಕಾರನನ್ನು ಮಾತ್ರ ಹುಡುಗನ ಪ್ರಶ್ನೆ ವಾರವಿಡೀ ಬಿಡಲಿಲ್ಲ.

ಆಂಧ್ರಪ್ರದೇಶದ ಆಗಿನ ಮುಖ್ಯಮಂತ್ರಿ ಎನ್.ಟಿ. ರಾಮರಾವ್ ಕಟ್ಟಿದ ಕನಸು ಆ ಬುದ್ಧ. ಭುವನಗಿರಿ ಬಳಿಯ ರಾಯಗಿರಿಯ ಬಂಡೆಯಲ್ಲಿ ಗಣಪತಿ ಸ್ಥಪತಿ ಮತ್ತು ಸಂಗಡಿಗರು ಕಡೆದ 18 ಮೀಟರ್ ಏಕಶಿಲೆ. ತೂಕ ಎಷ್ಟೆಂದರೆ 320ರಿಂದ 450 ಟನ್‌ವರೆಗೆ ಬಾಯಿಗೊಂದು ಉತ್ತರ. ಇಲ್ಲಿ 350 ಎಂದಿಟ್ಟುಕೊಳ್ಳೋಣ. 192 ಗಾಲಿಗಳ ಟ್ರೇಲರ್ ಮೇಲೆ ಅದು ನಗರಕ್ಕೆ ಬಂತು. ಗಾಲಿಗೆ ಎರಡು ಟನ್ನೂ ಬೀಳದು. ರಸ್ತೆ ಕುಸಿಯದಿರಲು ಅಷ್ಟು ಗಾಲಿ. 1990ರ ಮಾರ್ಚ್ 10ರಂದು ಕೆರೆಯಲ್ಲಿ ಅದನ್ನು ಹೊತ್ತ ತೆಪ್ಪ ಓಲಿತು, ಬುದ್ಧ ನೀರಿಗೆ ಜಾರಿದ. ಜೊತೆಗಿದ್ದ ಕೆಲವರು ಪ್ರಾಣ ಕಳೆದುಕೊಂಡರು.

ಭಾರವೊಂದೇ ಕಾರಣವಲ್ಲ. 30 ಮೀಟರ್ ಉದ್ದ, 10 ಮೀಟರ್ ಅಗಲದ ತೆಪ್ಪವೆಂದುಕೊಂಡರೆ 350 ಟನ್ ಹೇರಿದಾಗ ಅದು ಇನ್ನೊಂದು 1.2 ಮೀಟರಿನಷ್ಟು ತಗ್ಗುತ್ತದೆ, ಅಷ್ಟೇ. ತೇಲುವ ವಸ್ತು ತನ್ನ ತೂಕದಷ್ಟು ನೀರನ್ನು ಸರಿಸುತ್ತದೆ ಎಂಬ ಆರ್ಕಿಮಿಡೀಸನ ಲೆಕ್ಕ ಅಲ್ಲಿಗೆ ಮುಗಿಯಿತು.

ಇಂಥ ಭಾರ ನೆಲದ ಮೇಲೆ ಹೇಗೆ ಸಾಗುತ್ತದೆಂದು ತಿಳಿಯಲು ಕಾರ್ಕಳವನ್ನು ನೋಡಬೇಕು. ಓದುಗರು ಬೇಡವೆಂದರೂ ಈಗ ಹೋಗಲೇಬೇಕು. ಶ್ರವಣಬೆಳಗೊಳದಲ್ಲಿ ಚಾವುಂಡರಾಯ ಗೊಮ್ಮಟನನ್ನು ಬೆಟ್ಟದ ತಲೆಯಲ್ಲೇ ಕಡೆಯಿಸಿದ, ಸಾಗಣೆಯ ತಂಟೆಯೇ ಇಲ್ಲ. ಕಾರ್ಕಳದ ವೀರಪಾಂಡ್ಯನದು ಬೇರೆ ದಾರಿ. 1432ರ ಫೆಬ್ರವರಿ 13ರಂದು ಪ್ರತಿಷ್ಠೆಯಾದ 42 ಅಡಿಯ ಆ ಗೊಮ್ಮಟ, ಸುಮಾರು 80 ಟನ್, ಬೇರೆಡೆ ಕಡೆದು ಗುಡ್ಡಕ್ಕೆ ಏರಿಸಿದ್ದು. ಇಪ್ಪತ್ತು ಬಂಡಿಗಳ ಸಾಲು, ಅದರ ಮೇಲೆ ರಾಶಿ ಹತ್ತಿ, ಓರೆದಾರಿಯಲ್ಲಿ ಎಳೆಯುವ ಜನಸಾಗರ: ಈ ಐತಿಹ್ಯವನ್ನು 19ನೇ ಶತಮಾನದಲ್ಲಿ ವಾಲ್‌ಹೌಸ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದಿಟ್ಟಿದ್ದಾನೆ. ಹತ್ತು ಅಡಿಗೆ ಒಂದಡಿ ಏರುವ ದಾರಿಯಾದರೆ ಗುರುತ್ವದೆದುರು ಎಂಟು ಟನ್ ಎಳೆತ ಬೇಕು. ಆಳಿಗೆ 25 ಕಿಲೋ ಎಂದರೂ 320 ಜನ. ಗಾಲಿಯ ತಿಕ್ಕಾಟದ ಲೆಕ್ಕ ಬೇರೆ.

ಅವರೆಲ್ಲ ಎಳೆಯಲು ಸಾಧ್ಯವಾದದ್ದು ಅಂಗಾಲು ಬಂಡೆಯನ್ನು ಕಚ್ಚಿ ಹಿಡಿದದ್ದರಿಂದ. ಹಗ್ಗ ಆಳನ್ನು ಹಿಂದಕ್ಕೆ ಜಗ್ಗುತ್ತದೆ, ನೆಲ ಅವನನ್ನು ಮುಂದಕ್ಕೆ ದೂಡುತ್ತದೆ. ನೆಲಕ್ಕೆ ಎಣ್ಣೆ ಸುರಿದಿದ್ದರೆ ಗೊಮ್ಮಟ ಇದ್ದಲ್ಲೇ, ಆಳುಗಳು ಗುಡ್ಡದ ಬುಡದಲ್ಲಿ! ನಮ್ಮ ಪ್ರಶ್ನೆಪತ್ರಿಕೆಗಳೋ, "ಘರ್ಷಣೆಯನ್ನು ನಗಣ್ಯವೆಂದು ಭಾವಿಸಿ" ಎನ್ನುತ್ತವೆ. ಜಗತ್ತನ್ನು ಹಿಡಿದಿಟ್ಟದ್ದನ್ನೇ ಕಿತ್ತೆಸೆದು ಮಕ್ಕಳಿಗೆ ಉಳಿದದ್ದನ್ನು ಕಲಿಸುವ ಈ ಚಾಳಿ ಯಾವ ಪುಣ್ಯಾತ್ಮನದೋ.

ಇಷ್ಟು ಸುತ್ತಿದ ಮೇಲೆ ಹೊಳೆಯುತ್ತದೆ: ಕೇಳಬೇಕಾದದ್ದು ಏಕೆ ಮುಳುಗಿತು ಎಂದಲ್ಲ. ಗಟ್ಟಿ ರಸ್ತೆಯಲ್ಲಿ ಅಷ್ಟು ದೂರ ಸುಸೂತ್ರ ಬಂದದ್ದು ನೀರಿನ ಮೇಲೆ ಏಕೆ ಗುರಿ ಮುಟ್ಟಲಿಲ್ಲ?

ನೆಲ ಹೊತ್ತ ಭಾರವನ್ನು ಅಲುಗದೆ ಎತ್ತಿ ಹಿಡಿಯುತ್ತದೆ. ನೀರು ಹಾಗಲ್ಲ. ತೆಪ್ಪ ಎಡಕ್ಕೆ ವಾಲಿದರೆ ಎಡಬದಿ ಹೆಚ್ಚು ಮುಳುಗುತ್ತದೆ, ನೀರಿನ ಒತ್ತು ಅತ್ತ ಸರಿಯುತ್ತದೆ, ತೆಪ್ಪವನ್ನು ನೆಟ್ಟಗೆ ತರಲು ನೋಡುತ್ತದೆ. ಆದರೆ ಹೇರಿನ ಗುರುತ್ವಕೇಂದ್ರ ತೀರ ಎತ್ತರದಲ್ಲಿದ್ದರೆ ಭಾರದ ಗೆರೆ ಒತ್ತಿಗಿಂತ ಮುಂದೆ ಓಡಿ, ವಾಲಿದ್ದನ್ನು ಇನ್ನಷ್ಟು ವಾಲಿಸುತ್ತದೆ. ಓರೆ ಒಂದು ಮಿತಿ ದಾಟಿತೆಂದರೆ ಹೇರನ್ನು ಹಿಡಿದಿದ್ದ ಘರ್ಷಣೆಯೂ ಸೋಲುತ್ತದೆ; ಜಾರತೊಡಗಿದ ಕಲ್ಲಿಗೆ ತಡೆ ಮೊದಲಿಗಿಂತ ಕಡಿಮೆ. ಜಾರಿದಷ್ಟೂ ಓರೆ ಹೆಚ್ಚು, ಓರೆ ಹೆಚ್ಚಿದಷ್ಟೂ ಜಾರುವಿಕೆ.

ಬುದ್ಧನನ್ನು ಮೇಲೆತ್ತಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಲ್ಲಿ ನೀರೇ ನೆರವಿಗಿತ್ತು: ಗ್ರಾನೈಟ್ ನೀರಿಗಿಂತ ಸುಮಾರು 2.7 ಪಟ್ಟು ಸಾಂದ್ರ, ಹಾಗಾಗಿ ಮುಳುಗಿದ 350 ಟನ್ ಎತ್ತುವವರ ಪಾಲಿಗೆ 220 ಟನ್ ಮಾತ್ರ. ನೀರಿನಿಂದ ಹೊರಬಂದಂತೆಲ್ಲ ಉಳಿದ 130 ಟನ್ ವಾಪಸಾಗುತ್ತ ಹೋಗುತ್ತದೆ. 1992ರ ಡಿಸೆಂಬರ್ 1ರಂದು ಮೂರ್ತಿ ಕೆರೆಯ ನಡುವಿನ ಪೀಠದ ಮೇಲೆ ನಿಂತಿತು.