ಕರೆಂಟ್ ವೈರ್ ಬಿಡಿ, ಹೇಂಟೆ ಗರಿ ಹಿಡೀರಿ

ನಮ್ಮೂರ ಹೆಸರಲ್ಲೇ ನೀರಿದೆ: ಅರಿಶಿನಕುಂಟೆ. ಕುಂಟೆ ಅಂದ್ರೆ ಸಣ್ಣ ಕೆರೆ ಅಂತ ನಿಮಗೆ ಹೇಳಬೇಕಾಗಿಲ್ಲ. ಈಗ ನೆಲಮಂಗಲ ಕಡೆಯಿಂದ ಬಂದ್ರೆ ಕಣ್ಣಿಗೆ ಬೀಳೋದು ಗೋಡೌನು, ಲೇಔಟ್ ಕಲ್ಲು, ಹೈವೇ ಲಾರಿ. ಆದರೂ ನಮ್ಮಂಥ ಕೆಲವರ ಹತ್ರ ಒಂದೆರಡು ಎಕರೆ ಉಳಿದಿದೆ. ನನ್ನ ಜಮೀನಲ್ಲಿ ಒಂದು ಕೃಷಿ ಹೊಂಡವಿದೆ, ಅದರಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೀನಿ.

ಈ ವಾರ ಬರೆಯೋಕೆ ಕೂತದ್ದು ಒಂದು ವಿಡಿಯೋ ನೋಡಿ. ಯಾರೋ ಹುಡುಗರು ಪಂಪ್‌ಸೆಟ್ ಲೈನಿಂದ ವೈರ್ ಎಳೆದು, ಬಿದಿರು ಗಳಕ್ಕೆ ಸುತ್ತಿ, ಕೆರೆಗೆ ಇಳಿಬಿಟ್ಟು ಮೀನು ತೇಲಿಸ್ತಾರೆ. ಕೆಳಗೆ ಸಾವಿರಾರು ಲೈಕು. ನನ್ನ ಚಿಕ್ಕಪ್ಪನ ಮಗ ಇದನ್ನೇ ಮಾಡಿದ್ದ. ಒದ್ದೆ ದಂಡೆಯಲ್ಲಿ ಕಾಲು ಜಾರಿತು ಅಷ್ಟೇ. ಜೊತೆಗಿದ್ದವನು ಫ್ಯೂಸ್ ಕಿತ್ತಿದ್ದಕ್ಕೆ ಜೀವ ಉಳೀತು. ಬಲಗೈಯ ಎರಡು ಬೆರಳು ಇವತ್ತಿಗೂ ಮಡಚಲ್ಲ. ಕರೆಂಟ್ ತಗುಲಿದ ನೀರಲ್ಲಿ ದೊಡ್ಡದು, ಮರಿ ಅಂತ ಭೇದ ಇರಲ್ಲ. ಸಾಯದೆ ಉಳಿದ ಮೀನಿಗೂ ಎಷ್ಟೋ ಸಲ ಬೆನ್ನುಮೂಳೆ ಮುರಿದಿರುತ್ತೆ. ಮದ್ದು ಸಿಡಿಸೋದು, ವಿಷ ಹಾಕೋದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಕಾಲದಿಂದಲೇ ಅಪರಾಧ. ಕಾನೂನಿನ ಮಾತಿಗೆ ಯಾರೂ ವೈರ್ ಕೆಳಗಿಡಲ್ಲ, ಅದು ನನಗೂ ಗೊತ್ತು. ಅದಕ್ಕೇ ಕೈಗೆ ಬೇರೊಂದು ಕೆಲಸ ಕೊಡೋಣ ಅಂತ.

ಆ ಕೆಲಸ ಗರಿ ಗಾಳ ಕಟ್ಟೋದು. ಎರೆಹುಳು ಬೇಡ, ಮೈದಾ ಉಂಡೆ ಬೇಡ. ಗಾಳದ ಮುಳ್ಳಿಗೆ ದಾರ ಸುತ್ತಿ, ಒಂದು ಗರಿ ಕಟ್ಟಿದ್ರೆ ಅದು ನೀರಲ್ಲಿ ಮುಳುಗೋ ಹುಳುವಿನ ಥರ ಕಾಣುತ್ತೆ. ಇಂಗ್ಲಿಷ್‌ನವರು ಇದನ್ನ ವೆಟ್ ಫ್ಲೈ ಅಂತಾರೆ, ಹೊಳೆಯ ಟ್ರೌಟ್ ಮೀನಿಗೆ ಬಳಸ್ತಾರೆ. ವಿದ್ಯೆ ಹಳೇದು. ಸುಮಾರು 1,800 ವರ್ಷದ ಹಿಂದೆ ಈಲಿಯನ್ ಅನ್ನೋ ರೋಮನ್ ಲೇಖಕ, ಮ್ಯಾಸಿಡೋನಿಯಾದ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ ಹುಂಜದ ಕುತ್ತಿಗೆಯ ಎರಡು ಗರಿ ಕಟ್ಟಿ ಮೀನು ಹಿಡೀತಿದ್ರು ಅಂತ ಬರೆದಿಟ್ಟಿದ್ದಾನೆ. ಹುಂಜ ಯಾರ ಮನೇಲಿಲ್ಲ ಹೇಳಿ? ಇಂಗ್ಲೆಂಡ್, ಅಮೆರಿಕದ ಗಾಳ ಕಟ್ಟೋರು ಬಹಳ ಕಾಲ ಭಾರತದ ನಾಟಿ ಹುಂಜದ ಕುತ್ತಿಗೆ ಗರಿಯನ್ನೇ ತರಿಸಿಕೊಳ್ತಿದ್ರು. ನಾವು ತಿಪ್ಪೆಗೆ ಎಸೆಯೋ ಮಾಲು ಅದು. (ಕಾಡುಕೋಳಿ ಗರಿ ಮಾತ್ರ ಮುಟ್ಟಬೇಡಿ. ಸಾವನದುರ್ಗದ ಕಡೆ ಕಾಣುತ್ತೆ ಅಂತ ಆಸೆ ಪಡಬೇಡಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ.)

ಮುಳುಗೋ ಗಾಳಕ್ಕೆ ಹುಂಜಕ್ಕಿಂತ ಹೇಂಟೆ ಗರಿ ಒಳ್ಳೇದು. ಹುಂಜದ ಗರಿ ಬಿರುಸು, ನೀರ ಮೇಲೆ ನಿಲ್ಲುತ್ತೆ. ಹೇಂಟೆ ಕುತ್ತಿಗೆ ಗರಿ ಮೆದು, ನೀರು ಕುಡಿದು ಇಳಿಯುತ್ತೆ, ಎಳೆದಾಗ ಕಾಲಾಡಿಸಿದ ಹಾಗೆ ಅಲ್ಲಾಡುತ್ತೆ. ಇಂಗ್ಲೆಂಡಿನ ಉತ್ತರದ ಹೊಳೆಗಳ ಹಳೇ ಗಾಳಗಳಲ್ಲಿ ಮೈಗೆ ಬರೀ ರೇಷ್ಮೆ ದಾರ, ತಲೆಗೆ ಒಂದು ಮೆದು ಗರಿ, ಅಷ್ಟೇ. ರೇಷ್ಮೆಗೆ ನಾವು ಎಲ್ಲಿಗೂ ಹೋಗಬೇಕಾಗಿಲ್ಲ. ದೊಡ್ಡಬಳ್ಳಾಪುರದ ಮಗ್ಗದವರನ್ನ ಕೇಳಿದ್ರೆ ತುಂಡು ದಾರ ಸುಮ್ಮನೆ ಕೊಡ್ತಾರೆ. ನಾನು ಕಿತ್ತಳೆ ಬಣ್ಣದ್ದು ತಂದಿದ್ದೀನಿ.

ಕಟ್ಟೋದು ಹೀಗೆ. ಹತ್ತರಿಂದ ಹದಿನಾಲ್ಕನೇ ನಂಬರಿನ ಸಣ್ಣ ಗಾಳ ತಗೊಳ್ಳಿ. ಮೊದಲು ಅದರ ಎದುರುಮುಳ್ಳನ್ನ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೀನಿಗೂ ಒಳ್ಳೇದು, ನಿಮ್ಮ ಕಿವಿಗೆ ಚುಚ್ಚಿಕೊಂಡಾಗ ನಿಮಗೂ ಒಳ್ಳೇದು. ಇಕ್ಕಳದ ಹಿಡಿಗೆ ರಬ್ಬರ್ ಬ್ಯಾಂಡ್ ಹಾಕಿದ್ರೆ ಅದೇ ಗಾಳ ಹಿಡಿಯೋ ಪಟ್ಟು. ದಾರಕ್ಕೆ ಜೇನುಮೇಣ ಉಜ್ಜಿ, ಗಾಳದ ಕಣ್ಣಿನ ಹತ್ತಿರದಿಂದ ಬಾಗಿನವರೆಗೆ ಒತ್ತೊತ್ತಾಗಿ ಸುತ್ತಿ ವಾಪಸ್ ಬನ್ನಿ. ಗರಿಯ ಬುಡದ ತುಪ್ಪಳ ಕಿತ್ತು, ತುದಿಯನ್ನ ಕಣ್ಣಿನ ಪಕ್ಕ ಕಟ್ಟಿ. ಎರಡೇ ಸುತ್ತು, ಮೂರಾದ್ರೆ ಕಸಪೊರಕೆ ಆಗುತ್ತೆ. ಎಳೆಗಳು ಹಿಂದಕ್ಕೆ ಬಾಗಿರಬೇಕು. ನಾಲ್ಕು ಗಂಟು ಹಾಕಿ ಮೇಲೊಂದು ಹನಿ ಉಗುರು ಬಣ್ಣ. ನನ್ನ ಮೊದಲ ಹತ್ತು ಗಾಳ ನೋಡಿ ಅಮ್ಮ, ಬಚ್ಚಲ ಜಾಲರಿಯಿಂದ ತೆಗೆದಿದ್ದಾ ಅಂತ ಕೇಳಿದ್ರು. ಮೀನು ಅಷ್ಟೊಂದು ಟೀಕೆ ಮಾಡಲಿಲ್ಲ.

ಆನ್‌ಲೈನ್‌ನಲ್ಲಿ ಸಿಗೋ ದುಬಾರಿ ರಾಡ್, ರೀಲ್ ಬೇಡ. ಜಪಾನಿನ ಬೆಟ್ಟದ ಹೊಳೆಗಳಲ್ಲಿ ತೆಂಕಾರಾ ಅಂತ ಒಂದು ಪದ್ಧತಿ ಇದೆ: ಉದ್ದ ಕೋಲು, ತುದಿಗೆ ಕಟ್ಟಿದ ದಾರ, ಒಂದು ಗರಿ ಗಾಳ. ರೀಲೇ ಇಲ್ಲ. ನಮ್ಮ ಬಿದಿರು ಕೋಲು, ತಂಗೂಸಿಗೂ ಅದಕ್ಕೂ ಏನು ವ್ಯತ್ಯಾಸ? ಹರಿಯೋ ನೀರಾದ್ರೆ ಅಡ್ಡಕ್ಕೆ ಎಸೆದು ಸೆಳೆವಿಗೆ ಬಿಡಿ, ಗಾಳ ತಾನೇ ಬೀಸಿಕೊಂಡು ಬರುತ್ತೆ. ಹೊಂಡದಲ್ಲಾದ್ರೆ ಎಸೆದು, ಐದು ಎಣಿಸಿ, ಗೇಣುಗೇಣಾಗಿ ಎಳೀರಿ. ತಳಕ್ಕೆ ತಾಗಿಸಬೇಡಿ, ಪ್ಲಾಸ್ಟಿಕ್ ಹಾಳೆ ತೂತಾದ್ರೆ ಮೀನಿಗಿಂತ ದೊಡ್ಡ ನಷ್ಟ. ಹಾಳೆ ಹಾಸಿದ ಇಳಿಜಾರಿನ ಮೇಲೆ ನಿಲ್ಲಲೇಬೇಡಿ. ಪಾಚಿ ಕಟ್ಟಿದ ಹಾಳೆ ಮೇಲೆ ಈಜು ಬಂದವರೂ ಹತ್ತಿ ಬರಕ್ಕಾಗಲ್ಲ. ಗಂಟು ಹಾಕಿದ ಹಗ್ಗ ಒಂದನ್ನ ದಂಡೆಯ ಕಲ್ಲಿಗೆ ಕಟ್ಟಿ ನೀರಿಗೆ ಬಿಟ್ಟಿರಿ, ಇವತ್ತೇ.

ಇದರಿಂದ ಏನು ಸಿಗುತ್ತೆ ಅಂತ ಕೇಳ್ತೀರಿ. ಜಿಲೇಬಿ ಮೀನು ಸಿಗುತ್ತೆ. 1952ರಲ್ಲಿ ನಮ್ಮ ದೇಶಕ್ಕೆ ತಂದ ಈ ತಿಲಾಪಿಯಾ ಹೇಗೋ ಹೊಂಡ ಸೇರುತ್ತೆ, ಮೊಟ್ಟೆಮರಿಯನ್ನ ಬಾಯಲ್ಲೇ ಇಟ್ಟು ಸಾಕುತ್ತೆ, ನೋಡನೋಡ್ತಾ ಹೊಂಡ ತುಂಬಿ ನೀವು ಹಾಕಿದ ಮೇವನ್ನೆಲ್ಲ ತಿನ್ನುತ್ತೆ. ಗರಿ ಗಾಳಕ್ಕೆ ಅದು ಚೆನ್ನಾಗಿ ಬೀಳುತ್ತೆ. ಕಾಟ್ಲಾ ಮೇಲಿನ ನೀರಲ್ಲಿ ಪ್ಲವಕ ಸೋಸಿ ತಿನ್ನೋ ಮೀನು, ಸಾಮಾನ್ಯವಾಗಿ ಇದರ ಗೊಡವೆಗೆ ಬರಲ್ಲ. ಎರೆಹುಳುವನ್ನ ಮೀನು ಗಂಟಲವರೆಗೆ ನುಂಗಿಬಿಡುತ್ತೆ, ಗರಿ ತುಟಿಯಲ್ಲೇ ಸಿಕ್ಕಿಕೊಳ್ಳುತ್ತೆ. ಬೇಡದ್ದು ಬಂದ್ರೆ ಬಿಡೋದು ಸುಲಭ. ಗಾಳದಿಂದಲೇ ತಿಲಾಪಿಯಾ ಖಾಲಿ ಮಾಡ್ತೀನಿ ಅಂತ ನಾನು ಸುಳ್ಳು ಹೇಳಲ್ಲ. ಸಂಜೆಗೊಂದು ಸಾರಿಗಾಗುತ್ತೆ.

ದೊಡ್ಡ ಲಾಭ ಬೇರೆ. ಹೋದ ಆಷಾಢದಲ್ಲಿ ಮೂರು ದಿನ ಮೋಡ ಮುಚ್ಚಿತ್ತು. ಗಾಳ ಹಾಕೋ ಚಟಕ್ಕೆ ಬೆಳಗ್ಗೆ ಐದೂವರೆಗೆ ಹೊಂಡದ ಹತ್ರ ಹೋದ್ರೆ, ಮೀನೆಲ್ಲ ಮೇಲೆ ಬಂದು ಬಾಯಿ ತೆರೀತಾ ಇವೆ. ರಾತ್ರಿಯೆಲ್ಲ ಪಾಚಿ, ಮೀನು ಎಲ್ಲವೂ ನೀರಿನ ಆಮ್ಲಜನಕ ಬಳಸಿ, ಸೂರ್ಯ ಹುಟ್ಟೋ ಮುಂಚೆ ಅದು ತೀರಾ ಕಮ್ಮಿಯಾಗುತ್ತೆ. ಮೋಡ ಇದ್ರೆ ಹಗಲಲ್ಲೂ ತುಂಬಿಕೊಳ್ಳಲ್ಲ. ತಕ್ಷಣ ಪಂಪ್ ಹಾಕಿ ನೀರನ್ನ ಮೇಲಿಂದ ಚಿಮ್ಮಿಸಿದೆ, ಎರಡು ದಿನ ಮೇವು, ಸಗಣಿ ನಿಲ್ಲಿಸಿದೆ. ಉಳಿದವು. ಅದರ ಹಿಂದಿನ ವರ್ಷ ಇದೇ ಹೊಂಡದಲ್ಲಿ ಎಂಟು ಗಂಟೆಗೆ ಎದ್ದು ಹೋಗಿ, ತೇಲಿದ ಮೀನು ಗುಂಡಿ ತೋಡಿ ಹೂತಿದ್ದೆ. ಮೊಬೈಲ್‌ನಲ್ಲಿ ನೀರಿನ ಆ್ಯಪ್ ಇತ್ತು. ನೀರು ನೋಡೋಕೆ ನಾನಿರಲಿಲ್ಲ.

ಇನ್ನೊಂದು ಮಾತು. ಟ್ರೌಟ್ ಮರಿ ಕೊಡ್ತೀವಿ, ಕಿಲೋಗೆ ಇಷ್ಟು ಸಾವಿರ ಅಂತ ಕರೆ ಬಂದ್ರೆ ಫೋನ್ ಇಡಿ. ಅದು ತಣ್ಣೀರಿನ ಮೀನು, ನೀರು 20 ಡಿಗ್ರಿ ದಾಟಿದ್ರೆ ಒದ್ದಾಡುತ್ತೆ. ಬ್ರಿಟಿಷರು ಅದನ್ನ ನೆಲೆಗೊಳಿಸಿದ್ದು ನೀಲಗಿರಿ ಬೆಟ್ಟದ ಮೇಲೆ. ಬೇಸಿಗೆಯಲ್ಲಿ ನಮ್ಮ ಹೊಂಡಕ್ಕೆ ಕೈ ಹಾಕಿ ನೋಡಿ, ಸ್ನಾನದ ನೀರು.

ನಮಗೆ ನಮ್ಮದೇ ದೊಡ್ಡ ಮೀನಿತ್ತು. ಶಿವಗಂಗೆಯಲ್ಲಿ ಹುಟ್ಟೋ ಕುಮುದ್ವತಿ ನಮ್ಮ ನೆಲಮಂಗಲದ ಹಾದಿಯಲ್ಲೇ ಹೋಗಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿ ಸೇರುತ್ತೆ, ಅರ್ಕಾವತಿ ಸಂಗಮದಲ್ಲಿ ಕಾವೇರಿ ಸೇರುತ್ತೆ. ಅಲ್ಲಿಯ ಬಿಳಿಮೀನು, ಅಂದ್ರೆ ಮಹಶೀರ್, ಹಿಡಿಯೋಕೆ ಪ್ರಪಂಚದ ಗಾಳಗಾರರೆಲ್ಲ ಬರ್ತಿದ್ರು, ಗಾಳಕ್ಕೆ ರಾಗಿ ಮುದ್ದೆ ಕಟ್ತಿದ್ರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದದ್ದು 120 ಪೌಂಡ್, ಸುಮಾರು 54 ಕಿಲೋ. 2018ರಲ್ಲಿ ಅದೇ ಗೂನುಬೆನ್ನಿನ ಮಹಶೀರನ್ನ ಅಳಿವಿನಂಚಿನ ಅತಿ ಗಂಭೀರ ಪಟ್ಟಿಗೆ ಸೇರಿಸಿದ್ರು. ಅದರ ಕೊನೆಗೆ ಕಾರಣ ಆದವುಗಳಲ್ಲಿ ಸಿಡಿಮದ್ದೂ ಒಂದು.

ಊರ ಕೆರೆಯಲ್ಲಿ ಗಾಳ ಹಾಕೋ ಮುಂಚೆ ಮೀನಿನ ಗುತ್ತಿಗೆ ಯಾರದ್ದು ಅಂತ ಪಂಚಾಯ್ತಿಯಲ್ಲಿ ಕೇಳಿ, ಅವರ ಒಪ್ಪಿಗೆ ತಗೊಳ್ಳಿ. ಸ್ವಂತ ಹೊಂಡವಾದ್ರೆ ತಕರಾರಿಲ್ಲ.

ಭಾನುವಾರ ನಾನು, ಚಿಕ್ಕಪ್ಪನ ಮಗ ಮತ್ತೆ ಹೊಂಡದ ಹತ್ರ ಇರ್ತೀವಿ. ಬೆರಳು ಮಡಚದೆ ಅವನಿಗೆ ದಾರ ಸುತ್ತಕ್ಕಾಗಲ್ಲ, ಕೋಲು ಅವನೇ ಹಿಡೀತಾನೆ. ಕಂದು ಬಣ್ಣದ ಗರಿ ಮುಗಿದಿದೆ. ಅಮ್ಮನ ಚುಕ್ಕೆ ಹೇಂಟೆ ಈಗ ನನ್ನ ಕಂಡ್ರೆ ಬೇಲಿ ಹಾರುತ್ತೆ.