ನಾತಾಳ ಸೂಟಿಯಲ್ಲಿ ಮುತ್ಯಾ-ಆಯಿಯ ಪಾಲು

ವಿವಾಹ ವಿಚ್ಛೇದನದ ಒಪ್ಪಂದ ಪತ್ರಗಳಲ್ಲಿ ಮಕ್ಕಳ ಕುರಿತಾದ ಭಾಗವು ಬಹುತೇಕ ಒಂದೇ ಅಚ್ಚಿನಲ್ಲಿರುತ್ತದೆ. ಮಗು ತಾಯಿಯ ಬಳಿ ಇರತಕ್ಕದ್ದು. ತಂದೆಯು ತಿಂಗಳಿಗೆ ಎರಡು ಸಲ ಭೆಟ್ಟಿಯಾಗತಕ್ಕದ್ದು. ದೀಪಾವಳಿ, ನಾತಾಳ ಹಾಗೂ ಬೇಸಿಗೆಯ ಸೂಟಿಗಳಲ್ಲಿ ಮೊದಲರ್ಧ ಒಬ್ಬರಿಗೆ, ಉಳಿದರ್ಧ ಇನ್ನೊಬ್ಬರಿಗೆ. ನಾಲ್ಕು ಸಾಲುಗಳಲ್ಲಿ ಒಂದು ಬಾಲ್ಯದ ಪಂಚಾಂಗವೇ ಮುಗಿದುಹೋಗುತ್ತದೆ. ಆ ಸಾಲುಗಳಲ್ಲಿ ಮುತ್ಯಾ ಇಲ್ಲ, ಆಯಿಯೂ ಇಲ್ಲ.

ನಮ್ಮ ಸೀಮೆಗೆ ನಾತಾಳ ಸೂಟಿ ಎಂಬುದು ಹೊಸದು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಓದಿದ ನನ್ನಂಥವರಿಗೆ ದೀಪಾವಳಿಯೇ ದೊಡ್ಡ ಸೂಟಿ; ಡಿಸೆಂಬರ್ 25 ಒಂದು ದಿನದ ಬಿಡುವು ಮಾತ್ರ. ಇಂದು ಪುಣೆ, ಮುಂಬೈಗಳ ಇಂಗ್ಲಿಷ್ ಶಾಲೆಗಳಲ್ಲಿ ಓದುವ ಮೊಮ್ಮಕ್ಕಳು ವರ್ಷದ ಕೊನೆಯ ವಾರ ಕಂದಲಗಾಂವದಂಥ ಊರುಗಳಿಗೆ ಬಂದಿಳಿಯುತ್ತಾರೆ. ಅವರು ಬರುವ ಹೊತ್ತಾದರೂ ಎಂಥದು! ಎರೆಹೊಲದಲ್ಲಿ ಹಿಂಗಾರಿ ಜೋಳ ಎದ್ದು ನಿಂತಿರುತ್ತದೆ, ಕಡಲೆ ಹೂ ಬಿಟ್ಟಿರುತ್ತದೆ. ಮಾರ್ಗಶಿರದ ಎಳ್ಳ ಅಮಾವಾಸ್ಯೆ ಕೆಲವು ವರ್ಷ ಈ ಸೂಟಿಯೊಳಗೇ ಬೀಳುತ್ತದೆ. 2024ರಲ್ಲಿ ಅದು ಡಿಸೆಂಬರ್ 30ಕ್ಕೆ ಬಂದಿತ್ತು. ನೆರೆಯ ಮರಾಠಿ ಬಂಧುಗಳು ಇದನ್ನೇ ಆಡುಮಾತಿನಲ್ಲಿ ಯೆಳವಸ ಎನ್ನುತ್ತಾರೆ. ಕಿವಿಗೊಟ್ಟರೆ ಅದರೊಳಗೆ ನಮ್ಮ ಎಳ್ಳ ಅಮಾಸಿಯ ದನಿ ಕೇಳಿಸದಿರದು.

ಅಂದು ಆಯಿ ಸಜ್ಜೆಯ ಕಡುಬು, ಶೇಂಗಾ ಹೋಳಿಗೆ, ಬದನೆಯ ಎಣ್ಣೆಗಾಯಿ, ಕಾಳು-ಸೊಪ್ಪುಗಳ ಭಜ್ಜಿಯನ್ನು ಬುಟ್ಟಿಯಲ್ಲಿ ಕಟ್ಟಿಕೊಂಡು ಹೊರಡುತ್ತಾಳೆ. ಮುತ್ಯಾ ಹೊಲದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬೆಳೆಯ ಸಾಲುಗಳಲ್ಲಿ ಚರಗ ಚೆಲ್ಲುತ್ತಾನೆ. ಅವನ ಹಿಂದೆ ನೀರು ಚಿಮುಕಿಸುತ್ತ ನಡೆಯುವ ಕೆಲಸ ಮೊಮ್ಮಗನದು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಆ ಹುಡುಗನ ಕಿವಿಗೆ ವರ್ಷದಲ್ಲಿ ಎಡೆಬಿಡದೆ ಕನ್ನಡ ಬೀಳುವುದು ಈ ಏಳೆಂಟು ದಿನವೇ. ಗಡಿನಾಡಿನ ಕನ್ನಡದ ಬಗ್ಗೆ ನಾವು ಮಾಡುವ ಠರಾವುಗಳಿಗಿಂತ ಆ ವಾರದ ಕೆಲಸ ದೊಡ್ಡದೆಂದು ನಾನು ಭಾವಿಸುತ್ತೇನೆ.

ಹೋದ ವರ್ಷ ಈ ಭಾಗದ ಹಿರಿಯ ದಂಪತಿ ನನ್ನ ಕಚೇರಿಗೆ ಬಂದಿದ್ದರು. ಮಗನ ಸಂಸಾರ ಮುರಿದಿತ್ತು. ಒಪ್ಪಂದದಂತೆ ನಾತಾಳದ ಕೊನೆಯರ್ಧ ತಂದೆಯದು. ಆದರೆ ತಂದೆ ಕೆಲಸಕ್ಕಾಗಿ ಪರದೇಶಕ್ಕೆ ಹೋಗಿದ್ದಾನೆ. ‘ಅವನಿಲ್ಲದಿದ್ದರೆ ಅವನ ಪಾಲಿನ ನಾಲ್ಕು ದಿನ ನಮಗೆ ಬರೂದಿಲ್ಲೇನ್ರೀ ವಕೀಲಸಾಹೇಬ್ರ?’ ಎಂದು ಆ ತಾಯಿ ಕೇಳಿದರು. ಬರುವುದಿಲ್ಲ. ಹೊಲದ ಪಾಲಾದರೆ ವಾರಸುದಾರರಿಗೆ ಇಳಿಯುತ್ತದೆ, ಭೆಟ್ಟಿಯ ಪಾಲು ಮೇಲಕ್ಕೇರಿ ಅಜ್ಜ-ಅಜ್ಜಿಗೆ ತಾನಾಗಿ ಬರುವುದಿಲ್ಲ.

ಕಾಯ್ದೆಯ ಸ್ಥಿತಿ ಹೀಗಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ ಸಹಜ ಪಾಲಕರ ಪಟ್ಟಿಯಲ್ಲಿ ಅಜ್ಜ-ಅಜ್ಜಿಯರಿಲ್ಲ. 1890ರ ಪಾಲಕ ಮತ್ತು ಪಾಲ್ಯರ ಕಾಯ್ದೆಯಡಿ ಅವರು ಅರ್ಜಿ ಹಾಕಬಹುದು. ರಕ್ತಸಂಬಂಧದ ಹತ್ತಿರವನ್ನೂ, ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನೂ ನ್ಯಾಯಾಲಯ ನೋಡಬಹುದೆಂದು 17ನೆಯ ಕಲಂ ಹೇಳುತ್ತದೆ. ಕೋವಿಡ್ಡಿನಲ್ಲಿ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಗುಜರಾತಿನ ಬಾಲಕನೊಬ್ಬನನ್ನು ಉಚ್ಚ ನ್ಯಾಯಾಲಯವು ತಾಯಿಯ ಸಹೋದರಿಗೆ ಒಪ್ಪಿಸಿದ್ದಾಗ, 2022ರ ಜೂನ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವನನ್ನು ತಂದೆಯ ತಂದೆತಾಯಿಗಳಿಗೆ ಕೊಟ್ಟಿತು. ಅವರ ಮುಪ್ಪನ್ನು ಅಡ್ಡಿಯೆಂದು ಎಣಿಸಲಿಲ್ಲ. ಆದರೆ ತಂದೆತಾಯಿಗಳು ಜೀವಂತವಿರುವಾಗ ಬರೀ ಸೂಟಿಯ ಭೆಟ್ಟಿ ಕೇಳುವ ಅಜ್ಜ-ಅಜ್ಜಿಗೆಂದೇ ಬರೆದ ಕಾಯ್ದೆ ನಮ್ಮಲ್ಲಿಲ್ಲ. ಅವರಿಗೂ ಮಗುವಿನೊಡನೆ ಕಳೆಯುವ ಸಮಯ ಇರಬೇಕೆಂಬ ವಿಚಾರವನ್ನು ಕಾನೂನು ಆಯೋಗವು 2015ರ ತನ್ನ 257ನೆಯ ವರದಿಯಲ್ಲಿ ಎತ್ತಿಕೊಂಡಿತು. ವರದಿ ವರದಿಯಾಗಿಯೇ ಉಳಿದಿದೆ.

ಇತ್ತ 2007ರ ಹಿರಿಯ ನಾಗರಿಕರ ಕಾಯ್ದೆಯು ‘ಮಕ್ಕಳು’ ಎಂಬ ಶಬ್ದದೊಳಗೆ ವಯಸ್ಸಿಗೆ ಬಂದ ಮೊಮ್ಮಕ್ಕಳನ್ನೂ ಸೇರಿಸಿದೆ. ದೊಡ್ಡವನಾದ ಮೇಲೆ ಮೊಮ್ಮಗನಿಂದ ಪೋಷಣೆಯ ಖರ್ಚು ಕೇಳಬಹುದು. ಅವನು ಚಿಕ್ಕವನಿದ್ದಾಗ ಒಂದು ವಾರ ಕೇಳಲು ಕಲಂ ಇಲ್ಲ.

ಅಮೇರಿಕೆಯಲ್ಲಿ ಕಾಯ್ದೆ ಮಾಡಿಯೂ ನೋಡಿದರು. ವಾಷಿಂಗ್ಟನ್ ರಾಜ್ಯದ ಕಾಯ್ದೆ ಯಾರು ಬೇಕಾದರೂ ಯಾವಾಗ ಬೇಕಾದರೂ ಮಗುವಿನ ಭೆಟ್ಟಿ ಕೇಳಬಹುದು ಎನ್ನುವಷ್ಟು ಅಗಲವಾಗಿತ್ತು. ಮಗನನ್ನು ಕಳೆದುಕೊಂಡ ಟ್ರಾಕ್ಸೆಲ್ ದಂಪತಿ ಮೊಮ್ಮಕ್ಕಳಿಗಾಗಿ ಹೋರಾಡಿ 2000ದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತರು. ಮಗುವಿಗೆ ಯಾವುದು ಹಿತವೆಂದು ನಿರ್ಧರಿಸುವ ತಾಯಿಯ ಹಕ್ಕಿಗೆ ಬೆಲೆ ಕೊಡಬೇಕೆಂದಿತು ಆ ನ್ಯಾಯಾಲಯ. ಆ ತೀರ್ಪು ನನಗೆ ಕಟುವಾಗಿ ಕಂಡರೂ ತಪ್ಪೆನ್ನಲಾರೆ.

ಆದ್ದರಿಂದ ದಾರಿ ಒಪ್ಪಂದ ಪತ್ರದಲ್ಲಿಯೇ ಇದೆ. ಪರಸ್ಪರ ಸಮ್ಮತಿಯ ವಿಚ್ಛೇದನದ ಕರಾರು ಬರೆಯುವಾಗ ಒಂದು ಸಾಲು ಹೆಚ್ಚು ಬರೆಸಿರಿ: ತಂದೆ ಅಥವಾ ತಾಯಿ ಊರಲ್ಲಿಲ್ಲದಿದ್ದರೆ ಅವರ ಪಾಲಿನ ಸೂಟಿಯನ್ನು ಮಗು ಅವರ ತಂದೆತಾಯಿಗಳ ಮನೆಯಲ್ಲಿ ಕಳೆಯತಕ್ಕದ್ದು. ಯಾವ ದಿನ, ಯಾರು ಕರೆತರಬೇಕು, ಯಾರು ಮರಳಿ ಮುಟ್ಟಿಸಬೇಕು ಎಂಬುದೂ ಇರಲಿ. ಸೊಲ್ಲಾಪುರದ ಕ್ರೈಸ್ತ ಕುಟುಂಬಗಳಿಗೆ ಡಿಸೆಂಬರ್ 25 ಸೂಟಿಯಲ್ಲ, ಹಬ್ಬ. ಆ ದಿನವನ್ನು ಒಂದು ವರ್ಷ ಒಬ್ಬರಿಗೆ, ಮರುವರ್ಷ ಇನ್ನೊಬ್ಬರಿಗೆ ಎಂದು ಬರೆಸುವುದು ಲೇಸು. ಅವರ ಮಕ್ಕಳ ವಿಷಯದ ಆದೇಶಗಳು 1869ರ ವಿಚ್ಛೇದನ ಕಾಯ್ದೆಯ 41ರಿಂದ 44ನೆಯ ಕಲಂಗಳಡಿ ಬರುತ್ತವೆ.

ಕರಾರು ಈಗಾಗಲೇ ಆಗಿಹೋಗಿದ್ದರೆ? ಹಿಂದೂ ವಿವಾಹ ಕಾಯ್ದೆಯ 26ನೆಯ ಕಲಂ ಪ್ರಕಾರ ಮಕ್ಕಳ ಕುರಿತ ಆದೇಶವನ್ನು ನ್ಯಾಯಾಲಯ ಆಮೇಲೂ ಬದಲಿಸಬಹುದು. ಮಗನೋ ಮಗಳೋ ಅರ್ಜಿ ಹಾಕಲಿ. ಅದಕ್ಕೂ ಮೊದಲು ಸೊಸೆಗೋ ಅಳಿಯನಿಗೋ ಒಂದು ಫೋನ್ ಮಾಡಿರಿ. ಮಗು ಮನೆಯಲ್ಲಿರುವಾಗ ಅದರ ತಾಯಿಯ ಮಾತು, ತಂದೆಯ ಮಾತು ತೆಗೆಯಬೇಡಿರಿ. ಮಗು ಮರಳಿ ಹೋಗಿ ಅಂದದ್ದನ್ನು ಅಲ್ಲಿಯೇ ಹೇಳುತ್ತದೆ, ಮುಂದಿನ ಸೂಟಿ ಅಲ್ಲಿಗೇ ನಿಲ್ಲುತ್ತದೆ. ಆ ಹಿರಿಯ ದಂಪತಿಯ ಕೆಲಸ ಕೊನೆಗೆ ಫೋನಿನಲ್ಲೇ ಆಯಿತು; ಮೂರು ದಿನಕ್ಕೆ ಸೊಸೆ ಒಪ್ಪಿದಳು.

ಅರ್ಜಿಯೇ ಹಾಕಬೇಕಾಗಿ ಬಂದರೆ ದೀಪಾವಳಿ ಮುಗಿದ ಕೂಡಲೇ ಹಾಕಿರಿ. ಎದುರು ಪಕ್ಷಕ್ಕೆ ನೋಟೀಸು ಮುಟ್ಟಬೇಕು, ಅವರ ಉತ್ತರ ಬರಬೇಕು, ತಾರೀಖು ಬೀಳಬೇಕು. ಡಿಸೆಂಬರ್ ಕೊನೆಯ ವಾರಕ್ಕೆ ಮುಂಬೈ ಉಚ್ಚ ನ್ಯಾಯಾಲಯವೂ ನಾತಾಳ ಸೂಟಿಗೆ ಹೋಗಿರುತ್ತದೆ.